ಚೊಚ್ಚಲ ಮಗನ ಹೆಸರು

ಸಜ್ಜೆಯ ಒರಳಿಗೆ ಒನಕೆ ಧೊಪ್ಪೆಂದು ಬಿದ್ದದ್ದೇ ತಡ, ಅಂಗಳದಲ್ಲಿ ಆಡುತ್ತಿದ್ದ ಲಾವಲಿ ತಿರುಗಿ ನೋಡಿದ. ಅವನ ಅಜ್ಜಿ ಡೆಲು ಒನಕೆ ಹಿಡಿದುಕೊಂಡೇ ನರ್ಸ್ ಸಾದೆಯ ಕಡೆ ಗೆದ್ದ ಮುಖ ಮಾಡಿದಳು.

"ನೋಡಿದ್ಯಾ? ನನ್ನ ಮೊಮ್ಮಗನಿಗೆ ಕಿವಿ ಕೇಳಲ್ಲ ಅಂತ ಸುಳ್ಳು ಹಬ್ಬಿಸ್ತೀಯಾ?"

"ಅಜ್ಜಿ, ಅವನು ತಿರುಗಿದ್ದು ನೆಲ ಅದುರಿದ್ದಕ್ಕೆ. ಈ ಮಿದುಳು ಜ್ವರ, ಮೆನಿಂಜೈಟಿಸ್ ಅಂತಾರಲ್ಲ, ಅದು ಹೋಗೋವಾಗ ಒಮ್ಮೊಮ್ಮೆ ಕಿವೀನೂ ತಗೊಂಡು ಹೋಗತ್ತೆ. ಜಿಂದರ್ ಪಟ್ಟಣದ ದೊಡ್ಡಾಸ್ಪತ್ರೆಗೆ ಬೇಗ ತೋರಿಸ್ಬೇಕು, ತಡ ಮಾಡಿದ್ರೆ ಅವರ ಕೈಲೂ ಆಗಲ್ಲ. ನಾಳೆ ಗಾಡಿ ಇದೆ, ಕಳಿಸಿ."

ಗಾಡಿ ಎಂದ ಕೂಡಲೇ ಡೆಲುವಿನ ಹುಬ್ಬು ಗಂಟಿಕ್ಕಿತು. ಈ ಲೋಕದಲ್ಲಿ ಅವಳು ನಂಬಿದ್ದು ದೇವರನ್ನು ಮತ್ತು ತನ್ನ ಒರಳನ್ನು. ಉಳಿದವರೆಲ್ಲ ಏನನ್ನೋ ಬಚ್ಚಿಟ್ಟುಕೊಂಡವರೇ. ಒಣಗಾಳಿಯ ತಿಂಗಳಲ್ಲಿ ಹುಡುಗನಿಗೆ ಜ್ವರ ಬಂದು ಕತ್ತು ಸೆಟೆದುಕೊಂಡಾಗ ಇದೇ ಸಾದೆ ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದಳು. ಜ್ವರಕ್ಕೆ ಮುಂಚೆ ಬಾಯಿಬಡುಕನಾಗಿದ್ದವನು ಬರುವಾಗ ಮೂಕನಂತೆ ಬಂದ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದಿದ್ದರಂತೆ. ನೀರು ತೆಗೆದವರು ಜೊತೆಗೆ ಇನ್ನೇನು ತೆಗೆದರೋ!

"ಒಂದ್ಸಲ ಕಳಿಸಿದ್ದಕ್ಕೆ ಇಷ್ಟಾಯ್ತು. ಇನ್ನೊಂದ್ಸಲ ಕಳಿಸಿದ್ರೆ ಕಣ್ಣೂ ಕಿತ್ಕೊಂಡು ಕಳಿಸ್ತೀರ."

"ಅವತ್ತು ಕಳಿಸಿದ್ದಕ್ಕೇ ಜೀವ ಉಳೀತು ಅಜ್ಜಿ."

ಗೋಡೆಯ ನೆರಳಲ್ಲಿ ಸೊಸೆ ಬರಾತು ಮುಸುಕೆಳೆದು ಕೂತಿದ್ದಳು. ಲಾವಲಿ ಅವಳ ಚೊಚ್ಚಲ ಮಗ. ಅವರ ಕಡೆ ಚೊಚ್ಚಲ ಮಗುವನ್ನು ಹಿರಿಯರೆದುರು ಮುದ್ದಾಡುವುದು, ಹೆಸರು ಹಿಡಿದು ಕರೆಯುವುದು ಮಾನವಂತ ಹೆಂಗಸಿಗೆ ಹೇಳಿದ್ದಲ್ಲ. ಬಾಣಂತನದಲ್ಲಿ ಒಮ್ಮೆ ಬಾಯಿತಪ್ಪಿ ಕರೆದದ್ದಕ್ಕೆ ಡೆಲು ವಾರವಿಡೀ ಕುಟುಕಿದ್ದಳು. ಅಲ್ಲಿಂದ ಆರು ವರ್ಷ, ತಾಯಿಯ ಬಾಯಲ್ಲಿ ಅವನು ಬರೀ "ಏ ಹುಡುಗ."

ಅದು ನೆನಪಾದದ್ದೇ ಡೆಲುವಿಗೆ ಉಪಾಯ ಹೊಳೆಯಿತು. ಅಜ್ಜಿ ಕರೆದರೆ ಮೊಂಡು ಮಾಡುತ್ತಾನೆ, ಸರಿ. ಬುದ್ಧಿ ಬಂದಾಗಿನಿಂದ ತಾಯಿಯ ಬಾಯಲ್ಲಿ ಕೇಳದ ಕರೆಗೆ ತಿರುಗದೆ ಎಲ್ಲಿಗೆ ಹೋಗುತ್ತಾನೆ?

"ಏ ಬರಾತು, ನಿನ್ನ ಮಗನ್ನ ಹೆಸರು ಹಿಡಿದು ಕರಿ."

"ಅತ್ತೆ... ನಾನಾ?"

"ನಾನೇ ಹೇಳ್ತಿದೀನಲ್ಲ! ಈ ನರ್ಸಮ್ಮನ ಬಂಡವಾಳ ಬಯಲಾಗ್ಲಿ. ಅವನು ತಿರುಗಲಿಲ್ವಾ, ನಾಳೆ ನಾನೇ ಗಾಡಿ ಹತ್ತಿಸ್ತೀನಿ."

ಬರಾತು ಎದ್ದು ಮಗನ ಬೆನ್ನ ಹಿಂದೆ ನಿಂತಳು. ತುಟಿ ಎರಡು ಸಲ ಬರಿದೇ ಆಡಿತು.

"ಲಾವಲಿ," ಎಂದಳು, ಕದಿಯುತ್ತಿರುವವಳ ಹಾಗೆ.

ಹುಡುಗ ತಗಡಿನ ಡಬ್ಬಿಯ ಬಂಡಿಗೆ ಚಕ್ರ ಸಿಕ್ಕಿಸುತ್ತಿದ್ದ.

"ಲಾವಲೀ!"

ಹುಂಜವೊಂದು ಬೆದರಿ ಹಾರಿತು. ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿ, ಕೇಳಬಾರದ್ದನ್ನು ಕೇಳಿದವಳಂತೆ ಬಾಯಿಗೆ ಕೈ ಹಿಡಿದಳು. ಹುಡುಗ ಚಕ್ರವನ್ನು ಒಂದು ಸುತ್ತು ತಿರುಗಿಸಿ ತನ್ನಷ್ಟಕ್ಕೆ ನಕ್ಕ.

ಡೆಲು ಸೊಸೆಯನ್ನು ನೋಡಿದಳು, ನರ್ಸನ್ನು ನೋಡಿದಳು. ಎಷ್ಟು ಹುಡುಕಿದರೂ ಯಾರ ಮುಖದಲ್ಲೂ ಮೋಸ ಸಿಗಲಿಲ್ಲ. ಒನಕೆಯನ್ನು ಒರಳಲ್ಲೇ ಬಿಟ್ಟು ಸೊಸೆಯ ಹತ್ತಿರ ಬಂದಳು.

"ಇನ್ನೂ ಜೋರಾಗಿ ಕರಿಯೇ," ಎಂದಳು. "ಹೆತ್ತ ಮಗನ್ನ ಕರಿಯೋಕೆ ನಾಚಿಕೆ ಏನೇ ನಿಂಗೆ?"