ಗೊಂಬೆ ಹಿಡಿದ ಕೈ

ಈಗ ನಾವು ಹೆಣವಾದ ಮೇಲಷ್ಟೇ ಫೋಟೊದಲ್ಲಿ ಮೂಡುತ್ತೇವೆ. ಬದುಕಿದ್ದವರನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ. ಹಾಗಾಗಿ ಮದುವೆಯ ವಿಡಿಯೊಗಳಿಗೆ ಗೊಂಬೆಗಳೇ ಆಗಬೇಕು. ತಂತಿಯ ಮೂಳೆಗೆ ಸ್ಪಂಜು ಸುತ್ತಿ ನಾನು ವಧುವರರನ್ನು ಮಾಡುತ್ತೇನೆ. ತಂಗಿ ನೀಲಾಂಬಿಕಾ ಆ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿದಾಗಲೆಲ್ಲ ಒಂದು ಚಿತ್ರ ತೆಗೆಯುತ್ತೇನೆ. ಅವಳು ಕೈ ಹಿಂತೆಗೆಯಬೇಕಿಲ್ಲ. ಬಳೆ, ಉಂಗುರ ಬಿಚ್ಚಿಟ್ಟರೆ ಸಾಕು.

“ಈ ಮದುಮಗ ನಮ್ಮ ಮನಿಯವ್ರಿಗಿಂತ ಛಲೋ ಅದಾನಕ್ಕಾ, ಬಗ್ಗಂದ್ರ ಬಗ್ಗತಾನ,” ಎಂದು ಇವತ್ತೂ ನಗುತ್ತಿದ್ದಳು.

ಪರದೆಯಲ್ಲಿ ಮದುಮಗನ ಮೊಣಕೈ ಬಳಿ ಏನೋ ಮಸುಕಾಗಿತ್ತು. ಲೆನ್ಸ್ ಒರೆಸಿ ಮತ್ತೆ ತೆಗೆದೆ. ಈಗ ಉಗುರು ಕಂಡಿತು, ಅದರ ಹಿಂದೆ ಬೆರಳು.

“ನೀಲಾ, ಕೈಗೆ ಏನರ ಹಚ್ಕೊಂಡೀ ಏನ?”

“ಇಲ್ಲಲ್ಲ. ಸಾಬಾಣ ಹಚ್ಚಿ ತೊಳಕೊಂಡೇನಿ. ಯಾಕ?”

“ಗೊಂಬಿ ಅಲುಗಾಡೇತಿ. ಹಂಗ ಹಿಡಕೊಂಡಿರು.”

ಈ ಸಲ ಮಣಿಕಟ್ಟಿನವರೆಗೂ ಬಂದಿತ್ತು. ಕ್ಯಾಮೆರಾವೇ ಕೆಟ್ಟಿರಲಿ ಎಂದುಕೊಳ್ಳುತ್ತ, ಅವಳ ಬೆಚ್ಚಗಿನ ಕೈಯ ಪಕ್ಕ ನನ್ನ ಕೈಯನ್ನೂ ಚಾಚಿ ಗುಂಡಿ ಒತ್ತಿದೆ.

ಪರದೆಯಲ್ಲಿ ಅವಳ ಕೈ ಮಾತ್ರ ಇತ್ತು.

“ಎಲ್ಲಿ, ನನಗೂ ತೋರ್ಸು,” ಎನ್ನುತ್ತ ನೀಲಾ ಮೇಜು ಸುತ್ತಿ ನನ್ನ ಕಡೆಗೆ ಬರತೊಡಗಿದಳು.