ಉರುಳಿಯ ಅಂಚಿನ ಹೆಸರು

ಮೂಸಕುಂಞಿಯ ಹಳೆ ಪಾತ್ರೆಯಂಗಡಿಯ ರಾಶಿಯಿಂದ ನೀಲಾವತಿ ಅಗಲ ಬಾಯಿಯ ಕಂಚಿನ ಉರುಳಿಯೊಂದನ್ನು ಎಳೆದು ತೆಗೆದಳು. ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಮೊಳಗಿತು. ಆಹಾ, ಇದರಲ್ಲಿ ಪಾಯಸ ಕಾಯಿಸಿದರೆ ತಳ ಹಿಡಿಯುವ ಮಾತೇ ಇಲ್ಲ! ಉಪ್ಪಿನಂಗಡಿಗೆ ಉಪ್ಪಿನಂಗಡಿಯೇ ಅಲ್ಯುಮಿನಿಯಂಗೆ ಮರುಳಾಗಿದ್ದ ಕಾಲ ಅದು. ಇವಳಿಗೆ ಮಾತ್ರ ಹಳೆಯದರದ್ದೇ ಹುಚ್ಚು.

"ಇದರ ಹೆಸರಿಗೆ ಅರ ಹಾಕ್ಲಿಲ್ಲ ಯಾಕೆ ಬ್ಯಾರಿಗಳೇ? ಉದಾಸೀನವಾ?" ಎಂದು ಮೂಸಕುಂಞಿಯನ್ನು ಕೆಣಕಿದಳು.

ಮದುವೆಗೆ ಕೊಡುವ ಪಾತ್ರೆಯ ಅಂಚಿನಲ್ಲಿ ಹೆಣ್ಣಿನ ಹೆಸರು ಕೊರೆಸುವುದು ಊರ ಪದ್ಧತಿ. ಮಾರಲು ತಂದವರು ಮೊದಲು ಬೇಡುವುದು ಅದನ್ನು ಅರದಿಂದ ಉಜ್ಜಿ ಅಳಿಸಿಬಿಡಿ, ಯಾರಾದರೂ ಓದಿದರೆ ಮಾನ ಹೋಗುತ್ತದೆ ಎಂದು. ಆ ಅಂಗಡಿಯ ಪಾತ್ರೆಗಳಿಗೆಲ್ಲ ಒಂದೊಂದು ಉಜ್ಜಿದ ಕಲೆ ಇತ್ತು.

"ಅದೆಲ್ಲ ಮಾನದ ಚಿಂತೆ ಇದ್ದವರಿಗೆ ಅಲ್ವಾ ಅಕ್ಕ? ಸತ್ತವರ ಹೆಸರು ಅಳಿಸ್ಲಿಕ್ಕೆ ಯಾರೂ ಹೇಳುದಿಲ್ಲ."

ಅಯ್ಯೋ ಪಾಪ ಎನ್ನುತ್ತ ನೀಲಾವತಿ ಉರುಳಿಯನ್ನು ಬೆಳಕಿಗೆ ಹಿಡಿದಳು. ಚುಕ್ಕಿ ಚುಕ್ಕಿಯ ಅಕ್ಷರ: ಸೀತು.

ಕೊಲ್ಲಮೊಗ್ರಿಗೆ ಕೊಟ್ಟ ತಂಗಿಯ ಹೆಸರೂ ಸೀತು. ಮಳೆಗಾಲದ ಆಟಿ ತಿಂಗಳಿನಿಂದ ಅವಳ ಕಾಗದವಿಲ್ಲ. ಹೊಳೆ ತುಂಬಿದೆ, ಟಪಾಲು ನಿಂತಿದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಥೂ, ಸೀತು ಎಂಬ ಹೆಸರು ಲೋಕದಲ್ಲಿ ಒಬ್ಬಳಿಗೇನಾ!

"ಅಡುಗೆಯ ಪುಸ್ತಕವೂ ಉಂಟು, ಅದೇ ಗೋಣಿಯದ್ದು. ಸುಮ್ಮನೆ ಇಟ್ಕೊಳ್ಳಿ," ಎಂದು ಮೂಸಕುಂಞಿ ಅರಶಿನ ಮೆತ್ತಿದ ನೋಟ್‌ಬುಕ್ಕೊಂದನ್ನು ಚಾಚಿದ.

ಅವಳು ಮೊದಲ ಪುಟ ತೆರೆದಳು. 'ಪತ್ರೊಡೆ. ಹುಳಿ ಕಮ್ಮಿ ಮಾಡಬೇಡ, ಬಾಯಿ ತುರಿಸುತ್ತದೆ.' ತನ್ನದೇ ಕೈಬರಹ. ಒಲೆ ಹೊತ್ತಿಸಲೂ ಬಾರದ ತಂಗಿಗೆ ಮದುವೆಯ ಮುಂಚಿನ ದಿನ ಕೂತು ಬರೆದುಕೊಟ್ಟದ್ದು.

"ತಂದವರು ಯಾರು?"

"ಕೊಲ್ಲಮೊಗ್ರಿನ ಚೆನ್ನಪ್ಪ ಹೇಳಿ ಒಬ್ಬರು. ಹೋದ ವಾರ."

ತಂಗಿಯ ಗಂಡ! ಇಲ್ಲಿಯವರೆಗೆ ಬಂದವನು ನಾಲ್ಕು ಹೆಜ್ಜೆ ಆಚೆಯ ತನ್ನ ಮನೆಗೆ ಯಾಕೆ ಬರಲಿಲ್ಲ? ಕಷ್ಟ ಬಂದಿರಬೇಕು, ಮುಖ ತೋರಿಸಲು ನಾಚಿಕೆಯಾಗಿರಬೇಕು. ದೇವರೇ, ನಾಚಿಕೆಯೇ ಆಗಿರಲಿ.

"ಹೆಸರು ಅಳಿಸ್ಲಿಕ್ಕೆ ಅವರು ಹೇಳಿರ್ಬೇಕು. ನಿಮಗೆ ಮರೆತುಹೋಗಿರ್ಬೇಕು. ಸರಿಯಾಗಿ ನೆನಪು ಮಾಡಿ ಬ್ಯಾರಿಗಳೇ, ನಿಮ್ಮ ದಮ್ಮಯ್ಯ!"

"ಇಲ್ಲ ಅಕ್ಕ. ನಾನೇ ಕೇಳಿದೆ. 'ಇನ್ನು ಎಂತಕ್ಕೆ' ಹೇಳಿದ್ರು." ಅವಳ ಮುಖ ನೋಡಿ ಅವನಿಗೆ ಕಸಿವಿಸಿಯಾಯಿತು. ಸತ್ತವರ ಪಾತ್ರೆಯೆಂದು ಹೆದರಿದಳೆಂದುಕೊಂಡ. "ಮನಸ್ಸಿಗೆ ಬರುದಿಲ್ಲವಾದ್ರೆ ಕೊಡಿ, ಈಗಲೇ ಅಳಿಸಿ ಕೊಡ್ತೇನೆ," ಎಂದು ಅರ ಎತ್ತಿಕೊಂಡ.

ನೀಲಾವತಿ ಉರುಳಿಯನ್ನು ಎದೆಗವಚಿಕೊಂಡು, ಹೆಸರಿನ ಮೇಲೆ ಅಂಗೈ ಒತ್ತಿ ಹಿಡಿದಳು.