ನೀಲಿ ಪರದೆ

ಕಂಪ್ಯೂಟರಿನ ಮುಂದೆ ಕೂತ ಮಗಳ ಜಡೆಗೆ ಅಮ್ಮ ಮಲ್ಲಿಗೆ ಮುಡಿಸುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಗಂಡಿನ ಮನೆಯವರು ವಿಡಿಯೋದಲ್ಲಿ ಹೆಣ್ಣು ನೋಡುವವರಿದ್ದರು. ಈಗಲೇ ಮದುವೆ ಬೇಡವೆಂದು ಮಗಳು ಹೇಳಿದ್ದನ್ನು ಅಪ್ಪ ನಾಚಿಕೆಯೆಂದುಕೊಂಡಿದ್ದರು.

ಪರದೆ ಮತ್ತೆ ನೀಲಿಯಾಗಿ, ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಯಿತು.

"ಏನಮ್ಮಾ ಇದು? ಆಫೀಸಲ್ಲಿ ಎಲ್ಲರ ಕಂಪ್ಯೂಟರ್ ಸರಿ ಮಾಡ್ತೀಯ, ಮನೇದು ಆಗಲ್ವಾ?" ಎಂದರು ಅಪ್ಪ.

"ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಬದಲಾಯಿಸಿದ ಕೂಡಲೇ ಹೀಗಾಗ್ತಿದೆ ಅಪ್ಪ. ಹಳೇದನ್ನೇ ಹಾಕಿ ನೋಡ್ತೀನಿ."

"ಬೇಗ ಹಾಕು. ರಾಹುಕಾಲ ಬಂದ್ರೆ ಅವರೂ ಮುಖ ತೋರಿಸಲ್ಲ, ನಾನೂ ತೋರಿಸಲ್ಲ."

"ನಿಮ್ಮ ಮುಖ ನೋಡೋಕೆ ಯಾರು ಕಾದಿದಾರೆ ಬಿಡಿ," ಎಂದಳು ಅಮ್ಮ. ಅವರು ಶರ್ಟು ಬದಲಾಯಿಸಲು ಒಳಗೆ ಹೋದರು.

ಹಳೆಯ ಡ್ರೈವರ್ ಹಾಕಿದ್ದೇ ತಡ, ಪರದೆಯ ಮೂಲೆಯಲ್ಲಿ ನೆಟ್ ಬಂದ ಗುರುತು ಮೂಡಿತು. ಬೆನ್ನ ಹಿಂದಿನ ಅಮ್ಮನಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆಂದು ಮಗಳು ಬಾಗಿಲ ಕಡೆ ಮಾತ್ರ ನೋಡಿ, ಹೊಸ ಡ್ರೈವರನ್ನೇ ಮತ್ತೆ ಹಾಕಿದಳು. ಪರದೆ ನೀಲಿಯಾಯಿತು.

ಹೂ ಮುಡಿಸುತ್ತಿದ್ದ ಅಮ್ಮನ ಕೈ ಒಂದು ಕ್ಷಣ ನಿಂತಿತು. ತನ್ನನ್ನು ನೋಡಲು ಬಂದ ದಿನ ಕೆಡಿಸಲು ತನಗೆ ಏನೂ ಸಿಕ್ಕಿರಲಿಲ್ಲ ಎಂದುಕೊಂಡಳು.

"ಇನ್ನೂ ಆಗಲಿಲ್ವಾ?" ಅಪ್ಪ ಗುಂಡಿ ಹಾಕಿಕೊಳ್ಳುತ್ತಾ ಬಂದರು. "ಹೋಗಲಿ, ಮೊಬೈಲಲ್ಲೇ ಮಾಡೋಣ. ನನ್ನದರಲ್ಲಿ ವಿಡಿಯೋ ಬರಲ್ಲ, ಇವಳದು ರಿಪೇರಿಗೆ ಹೋಗಿದೆಯಂತೆ. ನಿನ್ನದು ಕೊಡೇ."

"ಚಾರ್ಜ್ ಇಲ್ಲ ರೀ," ಎಂದು ಅವಳು ಸೆರಗಿನ ಮರೆಯಲ್ಲಿ ತನ್ನ ಮೊಬೈಲನ್ನು ಆಫ್ ಮಾಡಿದಳು.